ಟರ್ಬೋ ಮಿಸ್ತ್ರಿ ಎಣಿಸಿದ ಏಳು ಅರಿವೆ

ಅಥವಾ ಅದು ಸ್ಕ್ರೂಡ್ರೈವರ್ ಆಗಿರಲೇ ಇಲ್ಲವೇನೋ. ಮಿಸ್ತ್ರಿಯ ಮಾತು ಬಂದಾಗಲೆಲ್ಲ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಬೈಲಹೊಂಗಲದ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡು, ಬಾನೆಟ್ ಎತ್ತಿ ನಿಲ್ಲಿಸಿದ ತಮ್ಮನ ಕಾರು, ಓಡುತ್ತಿರುವ ಎಂಜಿನ್ನು. ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟರ್ಬೋದ ಮೇಲೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಾರೆ. ತಮ್ಮನನ್ನು ಕೇಳಿದರೆ ಅದು ರಬ್ಬರ್ ಪೈಪು ಅನ್ನುತ್ತಾನೆ. ಅವ್ವ, ಎಂಥದೂ ಇರಲಿಲ್ಲ, ಬರೀ ಕಿವಿ ಅನ್ನುತ್ತಾಳೆ. ಮೂವರೂ ಅವರಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆವು. ಬೆಳಗಿನ ಹನ್ನೊಂದು ಗಂಟೆ ಇದ್ದೀತು. ಹನ್ನೊಂದು ಎಂದು ಬರೆದ ಕೂಡಲೇ ಅದೂ ಅನುಮಾನ.

ಕಿವಿ ತೆಗೆದ ಮೇಲೆ ಅವರು ಆಡಿದ ಮಾತಿನ ಬಗ್ಗೆ ಮಾತ್ರ ನಮ್ಮ ಮೂವರಲ್ಲಿ ತಕರಾರಿಲ್ಲ.

"ಒಂದ ದನಿ ಹೆಚ್ಚ ಐತಿ. ನಾ ತಿರಗಿ ಬಿಚ್ಚಿ ನೋಡೂತನಕ ಈ ಗಾಡಿ ಗೇಟ ದಾಟೂದ ಬ್ಯಾಡ."

ಗಾಡಿ ಗೇಟು ದಾಟಿತು. ಒಳಗೆ ತಮ್ಮನಿದ್ದ. ಈಗ ಅವನ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಊರು ತಪ್ಪನ್ನು ಮಿಸ್ತ್ರಿಯ ತಲೆಗೆ ಕಟ್ಟಿತು, ಅವರು ಕಟ್ಟಿಸಿಕೊಂಡರು. ಹೋದ ತಿಂಗಳು ರಾಮದುರ್ಗದಲ್ಲಿ ತೀರಿಕೊಂಡರು. ಆ ಹೆಚ್ಚಿನ ದನಿ ಹುಟ್ಟಿದ್ದು ಅವರ ಕೈಯಿಂದಲೋ ನನ್ನ ಕೈಯಿಂದಲೋ ಎಂದು ಕೇಳಿದರೆ ಉತ್ತರ ಹೇಳಬಹುದಾಗಿದ್ದವರು ಅವರೊಬ್ಬರೇ. ನಾನು ಕೇಳಲಿಲ್ಲ. ವರ್ಷಗಟ್ಟಲೆ ಸಮಯವಿತ್ತು, ಕೇಳಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರಿನಿಂದ ಕರೆಯುವವರೂ ಕಡಿಮೆ ಇದ್ದರು. ನನ್ನ ವಯಸ್ಸಿನವರಿಗೆ ಮಿಸ್ತ್ರಿ, ತಮ್ಮನ ವಯಸ್ಸಿನವರಿಗೆ ಚಾಚಾ. ನಮ್ಮ ಊರಲ್ಲಿ ಗಾಡಿ ರಿಪೇರಿ ಮಾಡುವವರು ಬೇಕಾದಷ್ಟು ಮಂದಿ. ಟರ್ಬೋ ಕೆಟ್ಟರೆ ಮಾತ್ರ ಎಲ್ಲರೂ ಇವರ ಕಡೆಗೇ ಕಳಿಸುತ್ತಿದ್ದರು. ರಾಮದುರ್ಗದ ನೇಕಾರರ ಮನೆತನ. ಅಪ್ಪನ ಮಗ್ಗಗಳ ಸದ್ದಿನಲ್ಲಿ ಒಂದೇ ಒಂದು ಎಳೆ ಹರಿದದ್ದು ಕಿವಿಗೆ ಬೀಳುತ್ತಿತ್ತಂತೆ, ಆ ಕಿವಿಯೇ ಮುಂದೆ ಟರ್ಬೋಕ್ಕೆ ಬಂತಂತೆ. ಇದನ್ನು ಅವರೇ ನನಗೆ ಹೇಳಿದರೋ, ಯಾರ ಬಾಯಿಂದಲೋ ಕೇಳಿ ನಾನು ಅವರ ಬಾಯಿಗೆ ಇಟ್ಟೆನೋ. ಕಾರಣ ಇಷ್ಟು ಚೆನ್ನಾಗಿ ಹೊಂದಿಕೊಂಡರೆ ನನಗೆ ಅದರ ಮೇಲೆ ನಂಬಿಕೆ ಹೋಗುತ್ತದೆ.

ಕೈ ಮಾತ್ರ ಖಚಿತವಾಗಿ ನೆನಪಿದೆ. ಮಿಸ್ತ್ರಿಗಳ ಕೈ ಅಂದರೆ ಉಗುರಿನ ಸಂದಿಯಲ್ಲಿ ಕಪ್ಪು ಇರಬೇಕು. ಇವರ ಉಗುರು ಬಿಳಿ. ಟರ್ಬೋ ಮುಟ್ಟುವ ಮೊದಲು ಸಾಬೂನು ಹಚ್ಚಿ ಮೊಣಕೈಯವರೆಗೆ ತೊಳೆದುಕೊಳ್ಳುತ್ತಿದ್ದರು, ಊಟಕ್ಕೆ ಕೂರುವವರ ಹಾಗೆ.

ನಾನು ದೊಡವಾಡದ ಶಾಲೆಯಲ್ಲಿ ಮಾಸ್ತರ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅವರ ಶೆಡ್ಡಿನಲ್ಲಿ ಕೂರುವ ರೂಢಿ ಬಿದ್ದಿತ್ತು. ಟರ್ಬೋ ಅಂದರೆ ಏನೆಂದು ಒಂದು ದಿನ ಕೇಳಿದೆ. ಬೊಗಸೆಯಲ್ಲಿ ಹಿಡಿಯುವಷ್ಟು ದೊಡ್ಡದಾದ, ಬಸವನಹುಳುವಿನ ಚಿಪ್ಪಿನಂಥ ಒಂದನ್ನು ನನ್ನ ಕೈಗಿಟ್ಟರು.

"ಒಂದ ದಂಡ, ಎರಡ ಚಕ್ರ. ಇಂಜಿನ್ ಬಿಟ್ಟ ಹೊಗಿ ಈ ಚಕ್ರಾ ತಿರಗಸ್ತೈತಿ. ಇದು ತಿರಗಿದ್ರ ಆ ಕಡೀದೂ ತಿರಗಿ ಇಂಜಿನ್ನಿನ ಬಾಯಾಗ ಗಾಳಿ ತುರಕತೈತಿ. ಅದಕ್ಕ ಆ ಓಟ. ಈ ದಂಡ ಕಬ್ಬಿಣದ ಮ್ಯಾಲ ಕುಂತಿಲ್ರಿ ಮಾಸ್ತರ, ಎಣ್ಣಿ ಮ್ಯಾಲ ತೇಲತೈತಿ. ಕಬ್ಬಿಣಕ್ಕ ತಾಗಿದ ದಿನಾ ಮುಗೀತು."

"ಎಷ್ಟ ವರ್ಷ ಬರತೈತಿ?"

"ಇಂಜಿನ್ ಇರೂತನಕ. ಟರ್ಬೋ ತಾನಾಗಿ ಸಾಯೂದಿಲ್ರಿ. ಯಾರರೆ ಕೊಂದಿರತಾರ."

ಇದು ಅವರ ಮಾತು, ನಾನು ಕಟ್ಟಿದ್ದಲ್ಲ. ಬಂದವರಿಗೆಲ್ಲ ಹೇಳುತ್ತಿದ್ದರು. ಹಸಿವು, ವಿಷ, ಕಲ್ಲು, ಈ ಮೂರರಲ್ಲಿ ಒಂದು ಕೊಂದಿರುತ್ತದೆ. ಎಣ್ಣೆ ಸಿಗದಿದ್ದರೆ ಹಸಿವು, ಹೊಲಸು ಎಣ್ಣೆ ವಿಷ, ಗಾಳಿಯ ಪೈಪಿನಲ್ಲಿ ಹೊರಗಿನದೇನಾದರೂ ಬಂದರೆ ಕಲ್ಲು. ಕೊಂದವರು ಯಾರೆಂದು ಸಿಗುವವರೆಗೆ ಹೊಸದನ್ನು ಕೂರಿಸುತ್ತಿರಲಿಲ್ಲ. ಕಿತ್ತೂರಿನ ಒಬ್ಬ ಗಾಡಿ ಮಾಲೀಕ ಬೇರೆ ಕಡೆ ಎರಡು ಟರ್ಬೋ ಹಾಕಿಸಿ, ಎರಡನ್ನೂ ಕಳೆದುಕೊಂಡು, ಮೂರನೆಯದನ್ನು ಪೆಟ್ಟಿಗೆ ಸಮೇತ ತಂದಿದ್ದ. ಮಿಸ್ತ್ರಿ ಪೆಟ್ಟಿಗೆ ಒಡೆಯಲಿಲ್ಲ. ನಾಲ್ಕು ದಿನ ಗಾಡಿ ಬಿಚ್ಚಿಟ್ಟುಕೊಂಡು ಕೂತರು. ಎಣ್ಣೆ ಹೋಗುವ ಸಣ್ಣ ಕೊಳವೆಯೊಳಗಿಂದ ಗಮ್ಮಿನ ಒಂದು ಕೆಂಪು ಎಳೆಯನ್ನು ಕಾಲಿಗೆ ಚುಚ್ಚಿದ ಮುಳ್ಳು ತೆಗೆದ ಹಾಗೆ ಚಿಮಟದಲ್ಲಿ ಎಳೆದರು. ಹಿಂದೆ ಯಾರೋ ಪೈಪು ಜೋಡಿಸುವಾಗ ಹೆಚ್ಚಿಗೆ ಮೆತ್ತಿದ್ದು.

ಮಾಲೀಕ ನಕ್ಕ. "ನೀವು ಪೊಲೀಸ್ ಆಗಬೇಕಿತ್ತ ಮಿಸ್ತ್ರೀ."

"ಪೊಲೀಸ್ರು ಸಿಕ್ಕಾವ್ನ ಹಿಡೀತಾರ. ನನಗ ಕೊಂದಾವ್ನ ಬೇಕ."

ಸತ್ತ ಟರ್ಬೋಗಳನ್ನು ಗುಜರಿಗೆ ಹಾಕದೆ ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದರು. ಗಾಳಿ ಬಂದಾಗ ಒಂದೊಂದು ಚಕ್ರ ತಾನಾಗಿ ತಿರುಗುತ್ತಿತ್ತು. ನನಗೆ ಅದು ಹಿಡಿಸುತ್ತಿರಲಿಲ್ಲ. ಅವರು ತಿರುಗಿಯೂ ನೋಡುತ್ತಿರಲಿಲ್ಲ.

ಆ ಗೋಡೆಯ ಕೆಳಗೆ ಒಂದು ಮಣೆ ಇತ್ತು. ಊಟಕ್ಕೆ ಹಾಕಿಕೊಳ್ಳುವಂಥದು, ದಪ್ಪ ಹಲಗೆ. ಅದರ ಮೇಲೆ ಯಾರೂ ಕೂರುವ ಹಾಗಿಲ್ಲ. ಕಟಕೋಳದಿಂದ ಟ್ರ್ಯಾಕ್ಟರ್ ತಂದಿದ್ದ ಒಬ್ಬ ಹಿರಿಯ ತಿಳಿಯದೆ ಕೂತಾಗ, "ಏಳ್ರಿ ಯಜಮಾನ್ರ, ಅದು ಮಂದಿಗೆ ಅಲ್ಲ" ಅಂದರು. ಆತ ಗಾಬರಿಯಾಗಿ ಎದ್ದು ಮಣೆಗೆ ಕೈಮುಗಿದ. ಅಲ್ಲಿ ಏನೋ ದೇವರಿದೆ ಅಂದುಕೊಂಡಿರಬೇಕು.

ಆತ ಹೋದ ಮೇಲೆ ನಾನು ಕೇಳಿದೆ.

"ಡೀಸೆಲ್ ಇಂಜಿನ್ನಿಗೆ ಒಮ್ಮೊಮ್ಮೆ ಹುಚ್ಚ ಹಿಡೀತೈತ್ರಿ," ಅಂದರು. "ಟರ್ಬೋ ಒಳಗ ಸವದ್ರ ಎಣ್ಣಿ ಗಾಳಿ ಪೈಪಿಗೆ ಹಾಯತೈತಿ. ಆ ಎಣ್ಣೀನ ಕುಡದ ಇಂಜಿನ್ ಓಡತೈತಿ. ಚಾವಿ ತಗದ್ರೂ ನಿಂದ್ರೂದಿಲ್ಲ, ಡೀಸೆಲ್ ಬಂದ್ ಮಾಡಿದ್ರೂ ನಿಂದ್ರೂದಿಲ್ಲ. ತನ್ನ ರಕ್ತಾ ತಾನ ಕುಡದಂಗ. ಆವಾಗ ಅದರ ಬಾಯಿ ಮುಚ್ಚಬೇಕ. ಗಾಳಿ ಸಿಗಲಿಲ್ಲಂದ್ರ ಸಾಯತೈತಿ. ಕೈಲೆ ಮುಚ್ಚಿದ್ರ ಕೈ ಹೋಗತೈತಿ, ಅದಕ್ಕ ಮಣಿ."

"ನೀವು ನೋಡೀರೇನು ಹಂಗ?"

ಆಗ ಅವರು ತಮ್ಮ ಅಂಗೈ ತಿರುಗಿಸಿ ಒಂದು ಸುಟ್ಟ ಕಲೆ ತೋರಿಸಿದರು ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಈಚೆಗೆ ಅನುಮಾನ ಬಂದಿದೆ. ಅದು ತಮ್ಮನ ಅಂಗೈ ಇರಬಹುದು. ಆಮೇಲೆ ನೋಡಿದ್ದು ಹಿಂದಕ್ಕೆ ಹೋಗಿ ಅವರ ಕೈಗೆ ಅಂಟಿಕೊಂಡಿರಬಹುದು.

ತಮ್ಮನಿಗೆ ಎರಡು ಜೆಸಿಬಿ ಇವೆ, ಕೆರೆ ಕಾಲುವೆ ಕೆಲಸ ಹಿಡಿಯುತ್ತಾನೆ. ದಿನವಿಡೀ ಆಮೆಯಂತೆ ನಡೆಯುವ ಯಂತ್ರದ ಮೇಲೆ ಕೂರುವವನಿಗೆ ಓಟದ ಹುಚ್ಚು. ಪುಣೆಯಿಂದ ಹೊರದೇಶದ ಒಂದು ಹಳೆಯ ಕಾರು ತಂದ. ನೆಲಕ್ಕೆ ತಾಗುವಷ್ಟು ತಗ್ಗು, ಡೀಸೆಲ್, ತಾನೇ ಗೇರು ಬದಲಿಸಿಕೊಳ್ಳುವಂಥದು. ಅದರ ಹಳೆಯ ಮಾಲೀಕ ಇನ್ನಷ್ಟು ಓಟಕ್ಕಾಗಿ ಏನೇನೋ ತಿದ್ದಿಸಿದ್ದ. ತಮ್ಮ ಮತ್ತು ಅವನ ಗೆಳೆಯರು ಸವದತ್ತಿ ರಸ್ತೆಯಲ್ಲಿ ಯಾರು ಎಷ್ಟು ನಿಮಿಷಕ್ಕೆ ಹೋಗಿಬಂದರು ಎಂದು ಪಂಥ ಕಟ್ಟುತ್ತಿದ್ದರು. ಅವ್ವ ಆ ಕಾರಿಗೆ ಹೆಸರಿಟ್ಟಿರಲಿಲ್ಲ. "ಆ ನಿನ್ನ ಹಾವು" ಅನ್ನುತ್ತಿದ್ದಳು.

ಒಂದು ಶ್ರಾವಣದಲ್ಲಿ ಹಾವು ಸಿಳ್ಳೆ ಹಾಕತೊಡಗಿತು. ಕಾಲು ಒತ್ತಿದರೆ ದೂರದಲ್ಲಿ ಅಂಬ್ಯುಲೆನ್ಸ್ ಬಂದ ಹಾಗೆ ಸಣ್ಣ ಕೂಗು, ಹಿಂದೆ ನೀಲಿ ಹೊಗೆ, ಏರಿನಲ್ಲಿ ದಮ್ಮಿಲ್ಲ. ಮಿಸ್ತ್ರಿಯ ಶೆಡ್ಡಿನ ಮುಂದಿನ ಗಟಾರು ದಾಟಲು ಅದರ ಹೊಟ್ಟೆ ಬಿಡಲಿಲ್ಲ. ಹಾಗಾಗಿ ಅವರೇ ಪಾನಾ, ಅಂದರೆ ಸ್ಪ್ಯಾನರುಗಳ ಚೀಲ ಹೊತ್ತು ನಮ್ಮ ಶೆಡ್ಡಿಗೆ ಬಂದರು. ಬಂದವರು ಎಂಜಿನ್ ಚಾಲೂ ಮಾಡಲಿಲ್ಲ. ಗಾಳಿಯ ಪೈಪು ಕಳಚಿ ಒಳಗೆ ಬೆರಳಾಡಿಸಿ ಎಣ್ಣೆ ಮೂಸಿದರು. ಆಮೇಲೆ ತಮ್ಮನ ಬೆರಳು ಹಿಡಿದು ಟರ್ಬೋದ ದಂಡದ ತುದಿಗೆ ಇಟ್ಟರು.

"ಅಳ್ಳಾಡಸು."

ಅವನು ಅಲ್ಲಾಡಿಸಿದ. ಮುದುಕರ ಹಲ್ಲಿನಂತೆ ಅದು ಅಲ್ಲಾಡಿತು.

"ಯಾರ ಕೊಂದ್ರ ಚಾಚಾ?"

"ನೀನ."

"ನಾ ಏನ ಮಾಡೀನಿ?"

"ಸವದತ್ತಿಯಿಂದ ಹಾರಿಸ್ಕೊಂಡ ಬರತಿ. ಮನಿ ಮುಂದ ನಿಂದ್ರಸಿ ಆ ಕ್ಷಣಾನ ಬಂದ್ ಮಾಡತಿ. ದಂಡ ಇನ್ನ ತಿರಗಾಕ ಹತ್ತಿರತೈತಿ, ಎಣ್ಣಿ ನಿಂತ ಬಿಡತೈತಿ. ಕಾದ ಬಾಣಲಿಯೊಳಗ ಎಣ್ಣಿ ಸುಟ್ಟ ಕರಕ ಆಗತೈತಿ ನೋಡು, ಹಂಗ ಕೊಳವಿ ಕಟ್ಟೇತಿ. ಎರಡ ನಿಮಿಷ ಸುಮ್ನ ಬಿಟ್ಟ ಬಂದ್ ಮಾಡಿದ್ರ ಏನ ಹೋಗತಿತ್ತ ನಿಂದು?"

ಕೊಳವೆ ಬಿಚ್ಚಿ ತೋರಿಸಿದರು. ಒಳಗೆ ಕಪ್ಪು ಹೆಕ್ಕಳಿಕೆ. ಅಷ್ಟಕ್ಕೆ ನಿಲ್ಲದೆ ಗಾಳಿಯ ದಾರಿಯುದ್ದಕ್ಕೂ ನೋಡುತ್ತ ಹೋಗಿ ಒಂದು ಕಡೆ ನಿಂತರು.

"ಇಲ್ಲೆ ಒಂದ ತಟ್ಟಿ ಇರಬೇಕಿತ್ತ. ಬಂದ್ ಮಾಡಿದಾಗ ಗಾಳಿ ಮುಚ್ಚೂದು. ಯಾರ ತಗದ್ರು?"

"ಪುಣೇದಾಂವ ತಗಸ್ಯಾನ. ಅದಿದ್ರ ಓಟ ಕಡಿಮಿ ಅಂತ."

"ಓಟ ಕಡಿಮಿ ಆದ್ರ ಊರ ತಡಾ ಮುಟ್ಟತಿ. ಇದು ಇಲ್ಲಂದ್ರ..." ಅಂದು ಬಿಟ್ಟರು. ಇಂಥ ಮಾತನ್ನು ಅವರು ಯಾವತ್ತೂ ಮುಗಿಸುತ್ತಿರಲಿಲ್ಲ. ಮುಗಿಸಿದರೆ ನಿಜವಾಗುತ್ತದೆ ಎಂಬ ಹೆದರಿಕೆಯೋ ಏನೋ. ತಟ್ಟೆ ಹಾಕಿಸುತ್ತೇನೆ ಅಂದ ತಮ್ಮ. ಹಾಕಿಸಲಿಲ್ಲ.

ಹೊಸ ಟರ್ಬೋ ಕೊಲ್ಹಾಪುರದಿಂದ ಬರುವಷ್ಟರಲ್ಲಿ ದಸರೆ ಬಂದಿತ್ತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಅದನ್ನು ಕೂರಿಸಿದರು. ಕೊನೆಯ ಪೈಪುಗಳ ಜೋಡಣೆ ಉಳಿಯಿತು. ಪೂಜೆಯ ದಿನ ನಮ್ಮ ಕಡೆ ಯಾರೂ ಹತ್ಯಾರ ಎತ್ತುವುದಿಲ್ಲ. ಮಿಸ್ತ್ರಿ ನಮಾಜು ಮಾಡುವವರಾದರೂ ಆ ಒಂದು ದಿನ ಅವರ ಪಾನಾಗಳಿಗೂ ಪಕ್ಕದ ಬಡಿಗೇರ ಕುಂಕುಮ ಹಚ್ಚುತ್ತಿದ್ದ, ಅವರು ಬೇಡ ಅನ್ನುತ್ತಿರಲಿಲ್ಲ. ಎರಡು ದಿನ ರಾಮದುರ್ಗಕ್ಕೆ ಹೊರಟರು. ಹೊರಡುವ ಮೊದಲು ತೆರೆದಿದ್ದ ಪ್ರತಿಯೊಂದು ಪೈಪಿನ ಬಾಯಿಗೂ ಅರಿವೆಯ ಉಂಡೆ ತುರುಕಿದರು. ಅದು ಅವರ ಪದ್ಧತಿ. ಎಲ್ಲವೂ ಒಂದೇ ಹಳೆಯ ನೀಲಿ ಲುಂಗಿಯಿಂದ ಹರಿದವು. ಬೆರಳು ತೋರಿಸಿ ನನ್ನ ಮುಂದೆಯೇ ಎಣಿಸಿದರು.

"ಏಳ ಅದಾವ ಮಾಸ್ತರ. ಬಂದ ಕೂಡ್ಲೆ ಏಳ ಎಣಸೇ ತಗೀತೇನಿ. ಒಂದ ಒಳಗ ಉಳದ್ರ ಗಾಡಿ ಸತ್ತಂಗ, ಒಂದ ಹೊರಗ ಬಿದ್ರ ಕಲ್ಲ ಹೊಕ್ಕಂಗ. ಯಾರೂ ಮುಟ್ಟಬಾರದ."

ನಾನು ಹೂಂ ಅಂದೆ. ಇದರಲ್ಲಿ ನನಗೆ ಸಂಶಯವಿಲ್ಲ.

ಮರುದಿನ ಮನೆಯ ಕುಡುಗೋಲು, ಈಳಿಗೆ, ತಮ್ಮನ ಜೆಸಿಬಿಗಳು, ನನ್ನ ಹಳೆಯ ಸೈಕಲ್, ಎಲ್ಲಕ್ಕೂ ಅವ್ವ ಪೂಜೆ ಮಾಡುತ್ತ ಕಾರಿಗೆ ಬಂದಳು. ಬಾಯಿ ತೆರೆದ ಎಂಜಿನ್ನು, ಅದರ ಎದುರಿಗೇ ಕಾಣುವ ದೊಡ್ಡ ಪೈಪಿನಲ್ಲಿ ಎಣ್ಣೆ ಹತ್ತಿದ ಲುಂಗಿಯ ಚೂರು.

"ಹಬ್ಬದ ದಿನಾ ಬಾಯಾಗ ಹೊಲಸ ಅರಿವಿ ಇಟಗೊಂಡ ಕುಂತೈತಲ್ಲೋ. ಹೆಣದ ಬಾಯಾಗ ತುರಕಿದಂಗ. ತಗೀ ಅದನ್ನ."

"ಮಿಸ್ತ್ರಿ ಮುಟ್ಟಬ್ಯಾಡ ಅಂದಾರ ಬೇ."

"ಆರತಿ ಆದ ಮ್ಯಾಲ ತಿರಗಿ ಇಡು. ಮಿಸ್ತ್ರಿಗೇನ ಕನಸ ಬೀಳತೈತಿ?"

ತೆಗೆದೆ. ಅವ್ವ ಅರಿಶಿನ ಕುಂಕುಮ ಹಚ್ಚಿದಳು, ಚೆಂಡುಹೂವು ಏರಿಸಿದಳು, ಅಕ್ಕಿಕಾಳು ಹಾಕಿ ಕೈಮುಗಿದಳು. ಅರಿಶಿನದಲ್ಲಿ ನೆನೆದ ಹಸಿ ಅಕ್ಕಿ. ಅವಳ ಕೈ ಎಂಜಿನ್ನಿನ ಮೇಲೆ ಎಲ್ಲಿಂದ ಎಲ್ಲಿಗೆ ಆಡಿತು ಎಂದು ನನಗೆ ಗೊತ್ತಿಲ್ಲ. ನಾನು ಆರತಿಯ ದೀಪ ಆರದಂತೆ ಕೈ ಅಡ್ಡ ಹಿಡಿದಿದ್ದೆ. ಪೂಜೆಯಾದ ಮೇಲೆ ಬಗ್ಗಿ ಹೂವು ತೆಗೆದು, ಅರಿವೆಯನ್ನು ಮೊದಲಿದ್ದ ಹಾಗೆಯೇ ತುರುಕಿದೆ. ಪೈಪಿನೊಳಗೆ ನೋಡಿದೆನೇ? ನೋಡಿದೆ ಅಂತ ಅನಿಸುತ್ತದೆ. ಕತ್ತಲಿತ್ತು ಅಂತಲೂ ಅನಿಸುತ್ತದೆ. ಮಧ್ಯಾಹ್ನ ನಾನು ಬಸ್ಸು ಹತ್ತಿ ಹೆಂಡತಿಯ ತವರಿಗೆ, ಸಂಗೊಳ್ಳಿಗೆ ಹೋದೆ. ದಶಮಿಯ ಮರುದಿನ ಬೆಳಿಗ್ಗೆ ವಾಪಸು ಬರುವಾಗ ಮಿಸ್ತ್ರಿ ಆಗಲೇ ಶೆಡ್ಡಿನಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು.

ಅವರು ಅರಿವೆ ತೆಗೆಯುತ್ತ ಎಣಿಸಿದರು. ಏಳು. "ಬರೋಬ್ಬರಿ ಐತಿ" ಅಂದರು.

ಇಲ್ಲಿಂದ ಮುಂದೆ ನನ್ನ ಹತ್ತಿರ ಎರಡು ಬೆಳಗುಗಳಿವೆ. ಒಂದರಲ್ಲಿ ನಾನು, "ಮಿಸ್ತ್ರೀ, ಅವ್ವ ಪೂಜಾಕ್ಕ ಒಂದ ತಗಸಿದ್ಲು, ಮತ್ತ ಇಟ್ಟೇನಿ" ಅನ್ನುತ್ತೇನೆ. ಅವರು ಕೈ ನಿಲ್ಲಿಸಿ, "ಒಳಗೇನರೆ ಬಿತ್ತೇನು?" ಅನ್ನುತ್ತಾರೆ. "ಇಲ್ರಿ" ಅನ್ನುತ್ತೇನೆ. ಇನ್ನೊಂದರಲ್ಲಿ ನಾನು ಅವರಿಗೆ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡ ಬಂಗಾರದಂಗ ಇರೂಣ" ಅಂದು ಸುಮ್ಮನೆ ನಿಲ್ಲುತ್ತೇನೆ. ಎರಡರಲ್ಲೂ ಬಿಸಿಲು ಒಂದೇ ಕಡೆಯಿಂದ ಬೀಳುತ್ತದೆ. ಎರಡರಲ್ಲೂ ಅವರ ಕೈಯಲ್ಲಿ ಸಾಬೂನಿನ ವಾಸನೆ ಇದೆ. ಒಂದು ಸುಳ್ಳು.

ಆಮೇಲೆ ಅವರು ಮಾಡಿದ್ದೆಲ್ಲ ಕ್ರಮವಾಗಿಯೇ ಇತ್ತು. ಟರ್ಬೋದ ಬಾಯಿಗೆ ತಾವೇ ಎಣ್ಣೆ ಹನಿಸಿದರು. ಡೀಸೆಲ್ ತಡೆದು, ಎಂಜಿನ್ ಹತ್ತದ ಹಾಗೆ ಬರೀ ಸ್ಟಾರ್ಟರ್ ತಿರುಗಿಸಲು ತಮ್ಮನಿಗೆ ಹೇಳಿ, ಟರ್ಬೋದಿಂದ ವಾಪಸು ಬರುವ ಎಣ್ಣೆ ಅಂಗೈ ಮೇಲೆ ಬೀಳುವವರೆಗೆ ಕಾದರು. ಹೊಸ ಟರ್ಬೋ ಹಸಿದು ತಿರುಗಬಾರದು, ಮೊದಲ ತುತ್ತು ಒಳಗೆ ಹೋದ ಮೇಲೆಯೇ ಕೆಲಸ. ಆಮೇಲೆ ಪೈಪು ಜೋಡಿಸಿ ಎಂಜಿನ್ ಹಚ್ಚಿದರು. ಸಿಳ್ಳೆ ಇಲ್ಲ, ಹೊಗೆ ಇಲ್ಲ. ತಮ್ಮ ಕುಣಿಯುವುದೊಂದು ಬಾಕಿ. ಮಿಸ್ತ್ರಿ ಕಿವಿಗೊಟ್ಟದ್ದು, ಒಂದು ದನಿ ಹೆಚ್ಚಿದೆ ಅಂದದ್ದು ಆಗಲೇ.

"ಚಾಚಾ, ನಿಮ್ಮ ಕಿವೀನೂ ಸರ್ವಿಸಿಂಗ್ ಮಾಡಸ್ರಿ ಒಮ್ಮೆ," ಅಂದ ತಮ್ಮ.

ಅವರು ನಗಲಿಲ್ಲ. "ನಾಳೆ ಬಿಚ್ಚತೇನಿ. ಇವತ್ತ ಜುಮ್ಮಾ, ನಮಾಜಿಗೆ ಹೊತ್ತಾತು. ಚಾವಿ ಮಾಸ್ತರ ಕಡೆ ಕೊಡು."

ತಮ್ಮ ಚಾವಿ ಕೊಟ್ಟ. ಅದು ನನ್ನ ಅಂಗಿಯ ಕಿಸೆಯಲ್ಲಿತ್ತು. ಮಧ್ಯಾಹ್ನ ಊಟವಾದ ಮೇಲೆ ಅವನು ಬಂದು ಕೈ ಚಾಚಿದ. "ಬರೇ ಬೆಳವಡಿತನಕ ಹೋಗಿ ಬರತೇನಣ್ಣಾ." ನಾನು ಬೇಡ ಅಂದೆ. ಎಷ್ಟು ಸಲ ಅಂದೆ ಗೊತ್ತಿಲ್ಲ. ಕೊನೆಗೆ ಕೊಟ್ಟೆ.

ಬೆಳವಡಿಯಲ್ಲಿ ಅವನು ತಿರುಗಲಿಲ್ಲ. ಸವದತ್ತಿ ಇನ್ನೂ ಸ್ವಲ್ಪ ದೂರವಿರುವಾಗ, ಏರಿನಲ್ಲಿ, ಎಂಜಿನ್ನು ತಾನಾಗಿ ಕೂಗತೊಡಗಿತಂತೆ. ಕಾಲು ತೆಗೆದರೂ ಏರುತ್ತಲೇ ಹೋಯಿತು. ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಬ್ರೇಕ್ ತುಳಿದು ಪಕ್ಕಕ್ಕೆ ನಿಲ್ಲಿಸಿ ಬಂದ್ ಮಾಡಿದ, ನಿಲ್ಲಲಿಲ್ಲ. ಕ್ಲಚ್ಚಿನ ಗಾಡಿಯಾಗಿದ್ದರೆ ಮೇಲಿನ ಗೇರಿಗೆ ಹಾಕಿ ಬ್ರೇಕ್ ಒತ್ತಿ ಹೊಸಕಿಬಿಡಬಹುದಿತ್ತು, ಇದರಲ್ಲಿ ಅದೂ ಇಲ್ಲ. ಚಾವಿ ಹಿಡಿದು ಕೆಳಗಿಳಿದ. ಒಳಗೆ ಯಾರೂ ಇಲ್ಲದ, ಚಾವಿಯೂ ಇಲ್ಲದ ಕಾರು ನಿಂತಲ್ಲೇ ಚೀರುತ್ತಿತ್ತು. ಅಲ್ಲೇ ಬಿಟ್ಟು ದೂರ ಓಡಬೇಕಿತ್ತು. ಅವನಿಗೆ ನಾನು ಹಿಂದೆ ಮನೆಯಲ್ಲಿ ಹೇಳಿದ್ದ ಮಿಸ್ತ್ರಿಯ ಮಾತು ಅರ್ಧ ನೆನಪಾಯಿತು, ಬಾಯಿ ಮುಚ್ಚಬೇಕು ಅನ್ನುವ ಅರ್ಧ. ಬಾನೆಟ್ ಎತ್ತಿ, ಗಾಳಿಯ ಪೈಪು ಕಿತ್ತು, ಅಂಗಿ ಮುದ್ದೆ ಮಾಡಿ ತುರುಕಿದ. ಅಂಗಿಯನ್ನು ಅದು ಎಳೆದುಕೊಂಡಿತು. ಆಮೇಲೆ ಅಂಗೈ ಇಟ್ಟ. ಬಿಸಿ ಕೊಳವೆಗಳ ಮೇಲೆ ಎಣ್ಣೆ ಚೆಲ್ಲಿ ಬೆಂಕಿ ಹತ್ತಿಕೊಂಡದ್ದು ಆಗ. ಪಕ್ಕದ ಹೊಲದಲ್ಲಿ ಗೋವಿನಜೋಳ ಮುರಿಯುತ್ತಿದ್ದವರು ಓಡಿಬಂದು ಮಣ್ಣು ಎರಚಿ ಅವನನ್ನು ಎಳೆದರು.

ಅವನು ಧಾರವಾಡದ ದವಾಖಾನೆಯಲ್ಲಿದ್ದಾಗ, ಅರ್ಧ ಸುಟ್ಟ ಕಾರನ್ನು ನಮ್ಮ ಶೆಡ್ಡಿಗೆ ಎಳೆದು ತಂದರು. ಮಿಸ್ತ್ರಿ ಕರೆಯದೆಯೇ ಬಂದರು. ಅಷ್ಟು ಹೊತ್ತಿಗೆ ಊರಲ್ಲಿ ಮಾತು ಹರಡಿತ್ತು, ಮಿಸ್ತ್ರಿ ಒಳಗೆ ಏನೋ ಮರೆತ ಎಂದು. ಗೇಟಿನ ಹತ್ತಿರ ತಮ್ಮನ ಗೆಳೆಯರು ನಾಲ್ಕೈದು ಮಂದಿ ನಿಂತಿದ್ದರು. ದಾರಿ ಬಿಡಿ ಎಂದು ಅವರು ಕೇಳಲಿಲ್ಲ, ಯಾರೂ ಬಿಡಲೂ ಇಲ್ಲ. ಒಬ್ಬೊಬ್ಬರನ್ನೇ ಬಳಸಿಕೊಂಡು ಒಳಗೆ ಬಂದರು. ಕೈ ತೊಳೆದುಕೊಂಡರು. ಟರ್ಬೋ ಬಿಚ್ಚಿ, ಒರೆಸಿ, ಚಕ್ರವನ್ನು ಬೆಳಕಿಗೆ ಹಿಡಿದರು. ಅದರ ರೆಕ್ಕೆಗಳ ಅಂಚಿನಲ್ಲಿ ಇಲಿ ಕಡಿದಂಥ ಸಣ್ಣ ಸಣ್ಣ ಕಚ್ಚು.

"ಅಂಗಿ ಹೊಕ್ಕೈತಲ್ರಿ, ಅದಕ್ಕ ಆಗಿದ್ದೇನು?" ಅಂದೆ.

"ಅರಿವಿ ಹೊಕ್ರ ರೆಕ್ಕಿ ಮಣೀತಾವ. ಇವು ಮಣದಾವ, ಖರೆ. ಈ ಕಚ್ಚು ಅದಕ್ಕೂ ಮೊದಲಿನಾವ."

ಹೆಬ್ಬೆರಳಿನಿಂದ ಆ ಅಂಚನ್ನು ಎಷ್ಟೋ ಹೊತ್ತು ಸವರಿದರು. ದಂಡವನ್ನೂ ಹೊರಳಿಸಿ ನೋಡಿದರು. ಒಮ್ಮೆ ನನ್ನ ಕಡೆ ನೋಡಿದರು, ಅಥವಾ ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ. ಏನೂ ಕೇಳಲಿಲ್ಲ. ಗೇಟಿನಲ್ಲಿದ್ದ ಹುಡುಗರಲ್ಲಿ ಒಬ್ಬ, "ಯಾರ ಕೊಂದ್ರಂತ ಚಾಚಾ ಈ ಸಲ?" ಅಂದ. ದನಿಯಲ್ಲಿ ವ್ಯಂಗ್ಯವಿತ್ತು.

"ಅರಿವಿ ಎಣಸಿದೆ. ಒಳಗ ನೋಡಲಿಲ್ಲ. ತಪ್ಪ ನಂದ," ಅಂದರು.

ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಇದಕ್ಕೆ ಒಂದೇ ನೆನಪಿದೆ, ಎರಡಿಲ್ಲ.

ಆಮೇಲೆ ಅವರ ಕಡೆಗೆ ಟರ್ಬೋ ಬರುವುದು ನಿಂತಿತು. ಒಂದೆರಡು ಬಂದಾಗ ಅವರೇ, ಹುಬ್ಬಳ್ಳಿಗೆ ಒಯ್ಯಿರಿ, ಅಂದರಂತೆ. ಗೋಡೆಯ ಮೊಳೆಗಳು ಖಾಲಿಯಾದವು. ಸ್ವಲ್ಪ ದಿನ ಟ್ರ್ಯಾಕ್ಟರ್ ಪಂಪು ನೋಡುತ್ತಿದ್ದರು, ಒಂದು ದಿನ ಶೆಡ್ಡು ಬಿಟ್ಟು ರಾಮದುರ್ಗಕ್ಕೆ ಹೋದರು. ನಾನು ಬಸ್ಸಿಗೆ ಬೇರೆ ಕಡೆ ನಿಲ್ಲತೊಡಗಿದ್ದೆ. ಯಾವಾಗ ಹೋದರೆಂದು ಸರಿಯಾಗಿ ತಿಳಿಯದು.

ಅವರು ತೀರಿದ ಸುದ್ದಿ ಬಂದಾಗ ತಮ್ಮ, "ಭಾಳ ಛಲೋ ಮನಷ್ಯಾ ಇದ್ರು. ಒಂದ ಕೈ ತಪ್ಪಿತು ಅವರದು," ಅಂದ. ಅಂದವನು ಎಡಗೈಯಿಂದ ಚಹಾದ ಬಟ್ಟಲು ಎತ್ತಿದ. ಅವತ್ತೇ ಹೇಳಿಬಿಡಬೇಕಿತ್ತು. ಹೇಳಲು ಇನ್ನೂ ಹತ್ತು ದಿನ ಹಿಡಿಯಿತು. ಜೆಸಿಬಿಗೆ ಗ್ರೀಸ್ ಹೊಡೆಯುತ್ತಿದ್ದ. ನಾನು ಪೂಜೆ, ಅಕ್ಕಿಕಾಳು, ಅರಿವೆ ಎಲ್ಲ ಹೇಳಿದೆ. ಅವ್ವನ ಹೆಸರು ಆದಷ್ಟು ಕಡಿಮೆ ಬರುವ ಹಾಗೆ ಹೇಳಿದೆ.

ಅವನು ಗ್ರೀಸ್ ಗನ್ನು ಕೆಳಗಿಟ್ಟ. ಸಿಟ್ಟಾಗುತ್ತಾನೆ ಅಂದುಕೊಂಡೆ.

"ಅರಿವಿ ನಾನೂ ತಗದಿದ್ದೆ," ಅಂದ.

"ಯಾವಾಗ?"

"ನೀ ಸಂಗೊಳ್ಳ್ಯಾಗ ಇದ್ದಿ. ಬನ್ನಿ ಕೊಡಾಕ ಹುಡುಗ್ರ ಬಂದಿದ್ರು. ಹೊಸಾ ಟರ್ಬೋ ದನಿ ಕೇಳಸಲೇ ಅಂದ್ರು. ಎಲ್ಲಾ ಅರಿವಿ ತಗದ, ಪೈಪ ಹಂಗ ಹಿಂಗ ಸಿಗಸಿ, ಎರಡ ನಿಮಿಷ ಹಚ್ಚಿದೆ."

"ಎಣ್ಣಿ ಹಾಯಸೂಕಿಂತ ಮೊದಲ?"

"ಹೂಂ."

"ಆಮ್ಯಾಲ?"

"ಪೈಪ ಕಳಚಿ, ಎಣಸೇ ತುರಕಿದೆ. ಏಳ."



"ಮಿಸ್ತ್ರಿಗೆ ಹೇಳಿದ್ಯಾ?"

"ದವಾಖಾನಿಗೆ ಒಮ್ಮೆ ಬಂದಿದ್ರು. ಕಾಟಿನ ಬಾಜೂ ಕುಂತ ಏನೋ ಕೇಳಿದ್ರು. ನನಗ ಸೂಜಿ ಗುಂಗ. ಹೂಂ ಅಂದ್ನೋ, ಏನೂ ಅನ್ಲಿಲ್ಲೋ. ಏನ ಕೇಳಿದ್ರು ಅನ್ನೂದೂ ನೆನಪಿಲ್ಲಣ್ಣಾ."

ಅವರು ದವಾಖಾನೆಗೆ ಹೋದದ್ದು ಟರ್ಬೋ ಬಿಚ್ಚುವ ಮೊದಲೋ ಆಮೇಲೋ ಎಂದು ಕೇಳಿದೆ. ಅದೂ ಅವನಿಗೆ ಗೊತ್ತಿಲ್ಲ.

ಎಣ್ಣೆ ಇಲ್ಲದೆ ತಿರುಗಿದ್ದರೆ ದಂಡದ ಮೇಲೆ ಗುರುತು ಬಿದ್ದಿರಬೇಕು. ಕಾಳು ಹೊಕ್ಕಿದ್ದರೆ ಚಕ್ರದ ಮೇಲೆ. ಮಿಸ್ತ್ರಿ ಎರಡನ್ನೂ ನೋಡಿದರು. ನಾನು ಚಕ್ರವನ್ನಷ್ಟೇ ನೋಡಿದೆ, ನನ್ನ ತಪ್ಪು ಅಲ್ಲಿದೆ ಅಂದುಕೊಂಡಿದ್ದೆ. ಗೇಟಿನಲ್ಲಿ ಆ ಮಾತು ಆಡಿದಾಗ ಅವರು ನನ್ನನ್ನು ಉಳಿಸುತ್ತಿದ್ದರೋ, ತಮ್ಮನನ್ನೋ, ಅವ್ವನನ್ನೋ, ಇಲ್ಲವೇ ತಪ್ಪು ತಮ್ಮದೇ ಎಂದು ನಿಜವಾಗಿಯೂ ನಂಬಿದ್ದರೋ, ನನಗೆ ಗೊತ್ತಿಲ್ಲ. ಅವತ್ತು ಬೆಳಿಗ್ಗೆ ನಾನು ಅವರಿಗೆ ಹೇಳಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಅವ್ವನಿಗೆ ನಾವಿಬ್ಬರೂ ಇನ್ನೂ ಏನೂ ಹೇಳಿಲ್ಲ.